ನೂರರ ಆಚೆಗಿನ ಅಂಕಿ: ವೇಗದ ಕಾರುಗಳ ಪಿಕಪ್ ಹೋಲಿಸುವ ಬಗೆ

ಸಂಡೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಳೆದ ಬೇಸಿಗೆಯಲ್ಲಿ ಎರಡು ಕಾರುಗಳ ವಿವರಪಟ್ಟಿಯನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿ, ಎರಡು ಅಂಕಿಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದ. ಒಂದು 2.7, ಇನ್ನೊಂದು 2.9. ಮೊದಲನೆಯದು ಪೋರ್ಷೆ 911 ಟರ್ಬೊ ಎಸ್ (650 ಅಶ್ವಶಕ್ತಿಯ 992 ಪೀಳಿಗೆ), ಎರಡನೆಯದು ಫೆರಾರಿ 296 ಜಿಟಿಬಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅವುಗಳಿಗೆ ಬೇಕಾಗುವ ಸೆಕೆಂಡುಗಳು ಅವು. "ಅಣ್ಣಾ, ಪೋರ್ಷೆನೇ ಜೋರೈತಲ್ಲ? ಮತ್ತ ಫೆರಾರಿಗೆ ಯಾಕ ಅಷ್ಟು ರೊಕ್ಕ?" ಎಂದು ಕೇಳಿದ. ಅದೇ ಪಟ್ಟಿಯಲ್ಲಿ ಒಂದೇ ಸಾಲು ಕೆಳಗೆ 0ರಿಂದ 200ರ ಅಂಕಿ ಇತ್ತು: ಪೋರ್ಷೆಗೆ 8.9 ಸೆಕೆಂಡು, ಫೆರಾರಿಗೆ 7.3. ಆ ಸಾಲಿಗೆ ಅವನ ಪೆನ್ನು ತಾಗಿರಲಿಲ್ಲ.

ವೇಗೋತ್ಕರ್ಷ, ಅಂದರೆ ನಾವು ದಿನನಿತ್ಯ ಪಿಕಪ್ ಎನ್ನುವ ಗುಣ, ಒಂದೇ ಅಂಕಿಯಲ್ಲಿ ಹಿಡಿಯುವಂಥದ್ದಲ್ಲ. ಮೊದಲ ನೂರರಲ್ಲಿ ಸೋತ ಕಾರು ಮುಂದಿನ ನೂರರಲ್ಲಿ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಅಂತರದಿಂದ ಗೆಲ್ಲುವುದು ಹೇಗೆ ಎಂಬುದು ತಿಳಿದರೆ ಎರಡು ಕಾರುಗಳ ನಡುವೆ ಆರಿಸುವ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ನಮ್ಮ ಬಳ್ಳಾರಿಯ ರಸ್ತೆಗೂ ಬಿಸಿಲಿಗೂ ಸೇರಿದ್ದು, ಮತ್ತು ಅದರ ಬಗ್ಗೆ ಯಾವ ಕಂಪನಿಯ ವಿವರಪಟ್ಟಿಯಲ್ಲೂ ಒಂದಕ್ಷರ ಇರುವುದಿಲ್ಲ.

ಮೊದಲ ನೂರು ಟೈರಿನದು

ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಅದನ್ನು 2.7 ಸೆಕೆಂಡಿನಲ್ಲಿ ತಲುಪುವ ಕಾರಿನ ವೇಗ ಸರಾಸರಿಯಲ್ಲಿ ಪ್ರತಿ ಸೆಕೆಂಡೂ ಸೆಕೆಂಡಿಗೆ 10.3 ಮೀಟರಿನಷ್ಟು ಏರುತ್ತದೆ. ಭೂಮಿಯ ಗುರುತ್ವದ ಲೆಕ್ಕ 9.8. ಬಳ್ಳಾರಿ ಕೋಟೆಯ ಗುಡ್ಡದ ಮೇಲಿಂದ ಒಂದು ಕಲ್ಲನ್ನು ಕೈಬಿಟ್ಟರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ಅದು ಆ ವೇಗ ಪಡೆಯಲು 2.8 ಸೆಕೆಂಡು ತೆಗೆದುಕೊಳ್ಳುತ್ತದೆ. ಎಂದರೆ ಈ ಕಾರು ನೆಲದ ಮೇಲೆ ಅಡ್ಡಡ್ಡ ಓಡುತ್ತಲೇ, ಬೀಳುವ ಕಲ್ಲಿಗಿಂತ ಸ್ವಲ್ಪ ಬೇಗ ವೇಗ ಏರಿಸಿಕೊಳ್ಳುತ್ತದೆ.

ಇಷ್ಟು ಬಲವನ್ನು ನೆಲಕ್ಕೆ ದಾಟಿಸುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು. ಟೈರಿನ ಹಿಡಿತಕ್ಕೆ ಒಂದು ಮಿತಿಯಿದೆ. ಆ ಮಿತಿ ದಾಟಿದ ಮೇಲೆ ಎಂಜಿನ್ನು ಎಷ್ಟೇ ಅಬ್ಬರಿಸಿದರೂ ಚಕ್ರ ಸುತ್ತುತ್ತದೆಯೇ ಹೊರತು ಕಾರು ಮುಂದೆ ಹೋಗುವುದಿಲ್ಲ. ಒಳ್ಳೆಯ ಸ್ಪೋರ್ಟ್ಸ್ ಟೈರು, ಶುದ್ಧವಾದ ಒಣ ಡಾಂಬರು, ನಾಲ್ಕೂ ಚಕ್ರಗಳಿಗೆ ಶಕ್ತಿ ಇದ್ದರೂ 100ರ ಅಂಕಿ ಎರಡೂವರೆ ಸೆಕೆಂಡಿನ ಸುತ್ತಮುತ್ತ ನಿಂತುಬಿಡುವುದು ಇದೇ ಕಾರಣಕ್ಕೆ. ಸಾವಿರದೈನೂರು ಅಶ್ವಶಕ್ತಿಯ ಬುಗಾಟ್ಟಿ ಶಿರಾನ್ ಕೂಡ 2.4 ಸೆಕೆಂಡು ತೆಗೆದುಕೊಳ್ಳುತ್ತದೆ. 650 ಅಶ್ವಶಕ್ತಿಯ ಪೋರ್ಷೆಗಿಂತ ಎರಡು ಪಟ್ಟಿಗೂ ಮೀರಿದ ಶಕ್ತಿಯಿಂದ ಅದಕ್ಕೆ ಸಿಕ್ಕ ಲಾಭ ಮೂರು ಹತ್ತಂಶ ಸೆಕೆಂಡು.

911ರ ಎಂಜಿನ್ನು ಹಿಂದಿನ ಚಕ್ರಗಳ ಅಚ್ಚಿಗಿಂತಲೂ ಹಿಂದೆ ಕುಳಿತಿರುತ್ತದೆ. ವೇಗ ಏರುವಾಗ ಕಾರಿನ ಭಾರ ಹಿಂದಕ್ಕೆ ವಾಲುವುದರಿಂದ, ಮೊದಲೇ ಭಾರ ಹೊತ್ತ ಹಿಂದಿನ ಟೈರುಗಳು ನೆಲವನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ, ಮತ್ತು ಮಿಕ್ಕ ಶಕ್ತಿಯನ್ನು ಮುಂದಿನ ಚಕ್ರಗಳು ಪಡೆಯುತ್ತವೆ. ಅರವತ್ತು ವರ್ಷದಿಂದ ಎಂಜಿನಿಯರುಗಳು ತಪ್ಪು ಜಾಗ ಎಂದು ಮೂಗು ಮುರಿಯುತ್ತ ಬಂದ ಆ ಎಂಜಿನ್ ಜಾಗವೇ ನಿಂತಲ್ಲಿಂದ ಹಾರುವಾಗ ವರವಾಗುತ್ತದೆ.

ಒಂದನ್ನು ಮಾತ್ರ ಬದಲಿಸಿ ನೋಡುವುದು

ಬೇರೆ ಬೇರೆ ಕಂಪನಿಗಳ ಕಾರುಗಳನ್ನು ಎದುರುಬದುರು ನಿಲ್ಲಿಸಿದಾಗ ಎಂಜಿನ್, ತೂಕ, ಟೈರು, ಗೇರು ಎಲ್ಲವೂ ಒಟ್ಟಿಗೆ ಬದಲಾಗಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಅದಕ್ಕಿಂತ ಒಂದೇ ಕಾರಿನ ಎರಡು ರೂಪಗಳನ್ನು ಹೋಲಿಸುವುದು ಒಳ್ಳೆಯ ದಾರಿ.

2021ರ ಬಿಎಂಡಬ್ಲ್ಯು ಎಂ4 ಕಾಂಪಿಟಿಶನ್ ತೆಗೆದುಕೊಳ್ಳಿ. ಎಂಜಿನ್ ಅದೇ, 510 ಅಶ್ವಶಕ್ತಿ ಅದೇ, 650 ನ್ಯೂಟನ್ ಮೀಟರ್ ತಿರುಚುಬಲ (ಟಾರ್ಕ್) ಅದೇ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಟ್ಟಾಗ 100 ಮುಟ್ಟಲು 3.9 ಸೆಕೆಂಡು, ಐವತ್ತು ಕಿಲೋ ಹೆಚ್ಚು ತೂಕ ಹೊತ್ತರೂ ನಾಲ್ಕೂ ಚಕ್ರಗಳಿಗೆ ಕೊಟ್ಟಾಗ 3.5. ಪೋರ್ಷೆ 911 ಜಿಟಿ3ಯಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ, ನಿಮಿಷಕ್ಕೆ 9,000 ಸುತ್ತು ತಿರುಗುವ 4 ಲೀಟರ್ ಎಂಜಿನ್ ಇದೆ; 510 ಅಶ್ವಶಕ್ತಿಯ ಆ ಕಾರು ಎರಡು ಕ್ಲಚ್‌ನ ಸ್ವಯಂಚಾಲಿತ ಗೇರುಪೆಟ್ಟಿಗೆಯೊಂದಿಗೆ 3.4 ಸೆಕೆಂಡಿನಲ್ಲಿ, ಕೈಗೇರಿನೊಂದಿಗೆ 3.9 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ. ಆ ಅರ್ಧ ಸೆಕೆಂಡು ಕ್ಲಚ್ ಬಿಡುವ ಕಾಲಿನ ಮತ್ತು ಗೇರು ಬದಲಿಸುವ ಕೈಯ ಪಾಲು. ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಹರಿಯುವುದು ನಿಂತ ಪ್ರತಿ ಕ್ಷಣವೂ ಲೆಕ್ಕಕ್ಕೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳಿದ ಜೋಡಿ ಲ್ಯಾಂಬೊರ್ಗಿನಿ ಹುರಾಕಾನ್ ಇವೊದ್ದು. ನಾಲ್ಕೂ ಚಕ್ರಗಳಿಗೆ ಶಕ್ತಿಯಿರುವ ಮಾದರಿಗೆ 640 ಅಶ್ವಶಕ್ತಿ, ಇಂಧನ ಮತ್ತು ದ್ರವಗಳಿಲ್ಲದ ಒಣತೂಕ 1,422 ಕಿಲೋ, ಅದು 2.9 ಸೆಕೆಂಡಿನಲ್ಲಿ 100ನ್ನೂ 9.0 ಸೆಕೆಂಡಿನಲ್ಲಿ 200ನ್ನೂ ಮುಟ್ಟುತ್ತದೆ. ಹಿಂಬದಿ ಚಕ್ರದ ಮಾದರಿಗೆ 610 ಅಶ್ವಶಕ್ತಿ, 1,389 ಕಿಲೋ, 3.3 ಸೆಕೆಂಡು ಮತ್ತು 9.3 ಸೆಕೆಂಡು. ಈಗ ಕಳೆಯುವ ಲೆಕ್ಕ ಮಾಡಿ. 100ರಿಂದ 200ಕ್ಕೆ ಏರಲು ಮೊದಲನೆಯದಕ್ಕೆ 6.1 ಸೆಕೆಂಡು, ಮೂವತ್ತು ಅಶ್ವಶಕ್ತಿ ಕಡಿಮೆ ಇರುವ ಎರಡನೆಯದಕ್ಕೆ 6.0. ಹೊರಟ ಜಾಗದಲ್ಲಿ ಕಳೆದುಕೊಂಡ ನಾಲ್ಕು ಹತ್ತಂಶದಲ್ಲಿ ಒಂದನ್ನು ಅದು ಮರಳಿ ಗಳಿಸಿ, ಕೊನೆಗೆ ಮೂರು ಹತ್ತಂಶವಷ್ಟೇ ಅಂತರವಾಗಿ ಉಳಿಯಿತು. ವೇಗ ಏರಿದ ಮೇಲೆ ನಾಲ್ಕು ಚಕ್ರಗಳ ಅನುಕೂಲ ಕರಗಿ, ಮುಂದಿನ ಅಚ್ಚಿನ ಯಂತ್ರಭಾಗ ಬರೀ ಹೊರೆಯಾಯಿತು.

ನೂರರಿಂದ ಇನ್ನೂರಕ್ಕೆ

ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಆದ್ದರಿಂದ 200ಕ್ಕೆ ಬೇಕಾದ ಶಕ್ತಿ 100ಕ್ಕೆ ಬೇಕಾದದ್ದರ ನಾಲ್ಕು ಪಟ್ಟು, ಮತ್ತು 100ರಿಂದ 200ರವರೆಗಿನ ತುಂಡು ಒಂದರಲ್ಲೇ ಮೊದಲ ನೂರರ ಮೂರು ಪಟ್ಟು ಶಕ್ತಿ ಸುರಿಯಬೇಕು. ಅದರ ಮೇಲೆ ಗಾಳಿಯ ತಡೆ. ಇಲ್ಲಿ ಟೈರು ಜಾರುವ ಪ್ರಶ್ನೆ ಹಿಂದೆ ಸರಿದು, ಅಶ್ವಶಕ್ತಿ ಎಷ್ಟು, ತೂಕ ಎಷ್ಟು ಎಂಬುದು ಮುಂದೆ ಬರುತ್ತದೆ.

ಫೆರಾರಿ 296 ಜಿಟಿಬಿಯಲ್ಲಿ 3 ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್ 663 ಅಶ್ವಶಕ್ತಿ ಕೊಟ್ಟರೆ ವಿದ್ಯುತ್ ಮೋಟಾರು 167 ಸೇರಿಸಿ ಒಟ್ಟು 830 ಆಗುತ್ತದೆ. ಈ ಅಷ್ಟೂ ಶಕ್ತಿ ಹಿಂದಿನ ಎರಡೇ ಚಕ್ರಗಳ ಮೂಲಕ ಹೋಗಬೇಕಾದ್ದರಿಂದ ಹೊರಡುವಾಗ ಅದು ಪೋರ್ಷೆಗಿಂತ ಹಿಂದೆ. 100ರಿಂದ 200ಕ್ಕೆ ಮಾತ್ರ ಅದಕ್ಕೆ 4.4 ಸೆಕೆಂಡು ಸಾಕು, ಪೋರ್ಷೆಗೆ 6.2 ಬೇಕು. ಮೆಕ್ಲಾರೆನ್ 750ಎಸ್ ಕೂಡ ಹಿಂಬದಿ ಚಕ್ರದ ಕಾರು: 2.8 ಮತ್ತು 7.2, ವ್ಯತ್ಯಾಸ ಅದೇ 4.4. ಆದರೆ ಮೆಕ್ಲಾರೆನ್‌ಗೆ ಇರುವುದು 750 ಅಶ್ವಶಕ್ತಿ, ಮೋಟಾರಿನ ನೆರವೂ ಇಲ್ಲ. ಫೆರಾರಿ ಶಕ್ತಿಯಿಂದ ಸಾಧಿಸಿದ್ದನ್ನು ಮೆಕ್ಲಾರೆನ್ ಕಾರ್ಬನ್ ಫೈಬರ್ ದೇಹದ ಹಗುರತನದಿಂದ ಸಾಧಿಸಿದೆ. 2025ರ ಸೆಪ್ಟೆಂಬರಿನಲ್ಲಿ ಬಂದ ಹೊಸ 911 ಟರ್ಬೊ ಎಸ್ ಹೈಬ್ರಿಡ್ (ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು) ಆಗಿ 711 ಅಶ್ವಶಕ್ತಿಗೆ ಏರಿದೆ; 2.5 ಸೆಕೆಂಡು, 8.4 ಸೆಕೆಂಡು, ವ್ಯತ್ಯಾಸ 5.9. ಹೊರಡುವಲ್ಲಿ ಈ ಎರಡಕ್ಕಿಂತಲೂ ಮುಂದೆ, ನೂರು ದಾಟಿದ ಮೇಲೆ ಇಟಲಿ ಮತ್ತು ಇಂಗ್ಲೆಂಡಿನ ಕಾರುಗಳ ಹಿಂದೆ. ಪೀಳಿಗೆ ಬದಲಾದರೂ ಸ್ವಭಾವ ಬದಲಾಗಿಲ್ಲ.

ಆದ್ದರಿಂದ ವಿವರಪಟ್ಟಿ ಕೈಗೆ ಬಂದಾಗ 200ರ ಅಂಕಿಯಲ್ಲಿ 100ರ ಅಂಕಿಯನ್ನು ಕಳೆದು ಅಂಚಿನಲ್ಲಿ ಬರೆದುಕೊಳ್ಳಿ. ಮೇಲಿನ ಅಂಕಿ ಟೈರು ಮತ್ತು ಚಕ್ರಗಳ ಕಥೆ ಹೇಳುತ್ತದೆ, ನೀವು ಬರೆದ ಅಂಕಿ ಎಂಜಿನ್ ಮತ್ತು ತೂಕದ ಕಥೆ ಹೇಳುತ್ತದೆ.

ಯಾರ ಗಡಿಯಾರ, ಯಾವ ತಕ್ಕಡಿ

ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು ಅವನ್ನು ಒಂದೇ ಅಳತೆಗೆ ತರಬೇಕು. ಅಮೆರಿಕದ ಪತ್ರಿಕೆಗಳು ಕೊಡುವುದು ಗಂಟೆಗೆ 60 ಮೈಲಿಯ ಅಂಕಿ, ಅದು 96.6 ಕಿಲೋಮೀಟರ್, ಪೂರ್ತಿ ನೂರಲ್ಲ. ಅದರ ಮೇಲೆ, ಡ್ರ್ಯಾಗ್ ರೇಸಿನ ಹಳೆಯ ರೂಢಿಯಂತೆ ಕಾರು ಮೊದಲ ಒಂದು ಅಡಿ ಉರುಳಿದ ನಂತರವೇ ಅವರ ಗಡಿಯಾರ ಶುರುವಾಗುತ್ತದೆ. ಒಂದು ಅಡಿ ಎಂದರೆ ಏನು ಮಹಾ ಎನಿಸಬಹುದು, ಆದರೆ ನಿಂತ ಕಾರು ಆ ಅಡಿ ದಾಟಲು ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ನ 1.99 ಸೆಕೆಂಡು ಆ ರೀತಿ ಅಡಿ ಕಳೆದ, ಮೈಲಿಯ ಲೆಕ್ಕದ ಅಂಕಿ. ಅದನ್ನು ಯುರೋಪಿನ 2.7ರ ಪಕ್ಕದಲ್ಲಿ ಇಡುವುದು ಸೇರಿನಿಂದ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದಕ್ಕೆ ಹೋಲಿಸಿದಂತೆ.

ತೂಕದಲ್ಲೂ ಇದೇ ಗೊಂದಲ. ಇಟಲಿಯ ಕಂಪನಿಗಳು ಒಣತೂಕ ಹೇಳಲು ಇಷ್ಟಪಡುತ್ತವೆ; ಜರ್ಮನಿಯವರು ಪೆಟ್ರೋಲು, ಎಣ್ಣೆ ತುಂಬಿದ ತೂಕ ಹೇಳುತ್ತಾರೆ; ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ 75 ಕಿಲೋ ಭಾರದ ಚಾಲಕನೂ ಸೇರುತ್ತಾನೆ. ಮೆಕ್ಲಾರೆನ್ 750ಎಸ್‌ನ ಒಣತೂಕ 1,277 ಕಿಲೋ ಆದರೆ ದ್ರವಗಳು ತುಂಬಿದಾಗ 1,389. ಒಂದೇ ಕಾರಿನ ಎರಡು ತೂಕಗಳ ನಡುವೆ 112 ಕಿಲೋ ಅಂತರ, ಎಂದರೆ ಒಂದು ಕ್ವಿಂಟಲ್ ಚೀಲಕ್ಕಿಂತ ಹೆಚ್ಚು! ಪೋರ್ಷೆಯ 1,640 ಕಿಲೋವನ್ನು ಹೋಲಿಸಬೇಕಾದದ್ದು 1,389ರ ಜೊತೆ. ಅಶ್ವಶಕ್ತಿಯಿಂದ ಭಾಗಿಸಿದರೆ ಪೋರ್ಷೆಯ ಪ್ರತಿ ಕುದುರೆ 2.5 ಕಿಲೋ ಹೊರುತ್ತದೆ, ಮೆಕ್ಲಾರೆನ್‌ನದು 1.85.

ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಪೀಡೊಮೀಟರಿನ ಮುಳ್ಳು ನೋಡಿ ಎಣಿಸಿದ ಸೆಕೆಂಡುಗಳು ಅವು. ಸ್ಪೀಡೊಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದು ಅಂತರರಾಷ್ಟ್ರೀಯ ನಿಯಮವಾದ್ದರಿಂದ ಅದು 100 ಎಂದಾಗ ಕಾರು 95 ಅಥವಾ 96ರಲ್ಲಿ ಇರುವುದು ಸಾಮಾನ್ಯ. ಉಪಗ್ರಹ ಸಂಕೇತವನ್ನು ಸೆಕೆಂಡಿಗೆ ಹತ್ತು ಸಲವಾದರೂ ಓದುವ ಸಾಧನದಿಂದ, ಇಳಿಜಾರಿಲ್ಲದ ನೆಲದಲ್ಲಿ, ಎರಡೂ ದಿಕ್ಕಿಗೆ ಓಡಿಸಿ ತೆಗೆದ ಸರಾಸರಿಯನ್ನು ಮಾತ್ರ ನಂಬಬಹುದು.

ಕೆಂಪು ಧೂಳಿನ ಮೇಲೆ

ಈಗ ಬಳ್ಳಾರಿಗೆ ಬರೋಣ. ಗಣಿಯ ಹಣ ಹರಿದ ದಿನಗಳಲ್ಲಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ, ಈ ಊರು ದುಬಾರಿ ಕಾರುಗಳಿಗೆ ಹೆಸರಾಗಿತ್ತು. ಆ ಕಾರುಗಳನ್ನು ಕೊಂಡವರಲ್ಲಿ ಎಷ್ಟು ಮಂದಿ ಅವುಗಳ ನಿಜವಾದ ಪಿಕಪ್ ನೋಡಿದರೋ ಕಾಣೆ, ಏಕೆಂದರೆ ತೋರಣಗಲ್ಲು ಕಡೆಗೆ ಹೊರಟರೆ ರಸ್ತೆಯ ಅಂಚೆಲ್ಲ ಇಂದಿಗೂ ಅದಿರಿನ ಧೂಳಿನಿಂದ ಕೆಂಪಾಗಿರುತ್ತದೆ.

ಪರಿಚಯದವರೊಬ್ಬರ ಗೋದಾಮಿನ ಆವರಣದೊಳಗೆ ಸುಮಾರು ಇನ್ನೂರು ಮೀಟರ್ ಉದ್ದದ ಡಾಂಬರು ದಾರಿಯಿದೆ. ಅವರ ಹಿಂಬದಿ ಚಕ್ರದ ಹಳೆಯ ಸೆಡಾನ್ ಕಾರಿನಲ್ಲಿ ಕುಳಿತು ಒಮ್ಮೆ ನಿಂತಲ್ಲಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿದೆವು. ಎಂಜಿನ್ನು ಕೂಗಿತು, ಕನ್ನಡಿಯಲ್ಲಿ ಕೆಂಪು ಮೋಡ ಎದ್ದಿತು, ಡ್ಯಾಶ್‌ಬೋರ್ಡಿನಲ್ಲಿ ಚಕ್ರ ಜಾರುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿನ ಹಳದಿ ದೀಪ ಬಿಡದೆ ಮಿಟುಕಿತು, ಕಾರು ಮಾತ್ರ ಲೋಡು ಹೇರಿದ ಎತ್ತಿನ ಬಂಡಿಯಂತೆ ಹೊರಟಿತು. ಇಳಿದು ಹಿಂದೆ ನೋಡಿದರೆ ಧೂಳು ಸರಿದು ಎರಡು ಕಪ್ಪು ಪಟ್ಟಿಗಳು ಮೂಡಿದ್ದವು. ಕಾರನ್ನು ಹಿಂದಕ್ಕೆ ತಂದು, ಹಿಂದಿನ ಟೈರುಗಳನ್ನು ಸರಿಯಾಗಿ ಆ ಪಟ್ಟಿಗಳ ಮೇಲೆಯೇ ನಿಲ್ಲಿಸಿ ಮತ್ತೊಮ್ಮೆ ಹೊರಟಾಗ ದೀಪ ಎರಡು ಸಲ ಮಿಟುಕಿ ಸುಮ್ಮನಾಯಿತು, ಬೆನ್ನು ಸೀಟಿಗೆ ಒತ್ತಿತು. ಕಾರು ಅದೇ, ಚಾಲಕ ಅದೇ, ಬಿಸಿಲು ಅದೇ. ನಡುವೆ ಹೋದದ್ದು ಕಾಗದದಷ್ಟು ತೆಳುವಾದ ಧೂಳು.

ಇದನ್ನು ಅಂಕಿಗೆ ಇಳಿಸಬಹುದು. ಶುದ್ಧ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತದ ಗುಣಾಂಕ 1.1 ಎಂದು ಇಟ್ಟುಕೊಂಡರೆ, ನಾಲ್ಕು ಚಕ್ರದ ಕಾರು ಹಿಡಿತದ ಮಿತಿಯಲ್ಲಿ 2.6 ಸೆಕೆಂಡಿಗೂ, ಭಾರದ ಶೇಕಡಾ 60ರಷ್ಟು ಹಿಂದೆ ಇರುವ ಹಿಂಬದಿ ಚಕ್ರದ ಕಾರು 3.4 ಸೆಕೆಂಡಿಗೂ ನೂರು ಮುಟ್ಟುತ್ತವೆ ಎಂದು ನನ್ನ ಸರಳ ಲೆಕ್ಕ ಹೇಳುತ್ತದೆ. ಅದೇ ಗುಣಾಂಕ ಧೂಳಿನಿಂದ 0.7ಕ್ಕೆ ಇಳಿಯಿತು ಎನ್ನಿ. ನಾಲ್ಕು ಚಕ್ರದ ಕಾರಿಗೆ 4 ಸೆಕೆಂಡು, ಹಿಂಬದಿ ಚಕ್ರದ್ದಕ್ಕೆ ಹತ್ತಿರ ಹತ್ತಿರ 6. ಮುಕ್ಕಾಲು ಸೆಕೆಂಡಿನ ಅಂತರ ಎರಡು ಸೆಕೆಂಡಿಗೆ ಹಿಗ್ಗಿತು. ಅಷ್ಟೇ ಅಲ್ಲ, ಇಂಥ ನೆಲದಲ್ಲಿ ಫೆರಾರಿಯಂಥ ಕಾರಿನ 830 ಅಶ್ವಶಕ್ತಿ ನೂರು ದಾಟಿದ ಮೇಲೂ ಪೂರ್ತಿಯಾಗಿ ನೆಲ ಮುಟ್ಟುವುದಿಲ್ಲ. 100ರಿಂದ 200ಕ್ಕೆ ಅದು ಗಳಿಸುವ ಆ 1.8 ಸೆಕೆಂಡಿನ ಮೇಲುಗೈ ಶುದ್ಧ ರಸ್ತೆಯ ಸಂಪತ್ತು.

ಬಿಸಿಲಿನ ಪ್ರಭಾವ ಇದಕ್ಕಿಂತ ಮೌನವಾದದ್ದು. ಎಂಜಿನ್ನಿನ ಅಶ್ವಶಕ್ತಿಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 25 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಸಮುದ್ರಮಟ್ಟದಿಂದ ನಾನೂರೈವತ್ತು ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಇರುವಾಗ ಗಾಳಿಯ ಸಾಂದ್ರತೆ ಆ ಮಾನದಂಡಕ್ಕಿಂತ ಸುಮಾರು ಶೇಕಡಾ 8ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನು, ಅಂದರೆ ಜಿಟಿ3 ಮತ್ತು ಹುರಾಕಾನ್‌ಗಳ ಎಂಜಿನ್ನು, ಉಸಿರಾಡುವ ಗಾಳಿ ತೆಳುವಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ. 510ರಲ್ಲಿ ಮೂವತ್ತೈದು ನಲವತ್ತು ಕುದುರೆಗಳು ಬಿಸಿಲಿಗೆ ಹೋದಂತೆ ಎಂದು ತಿಳಿಯಬಹುದು. ಟರ್ಬೊ ಎಂಜಿನ್ನು ಗಾಳಿ ಒತ್ತುವ ತನ್ನ ಟರ್ಬೊ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ, ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಮೂಲಕ ಹಾಯುವ ಹೊರಗಾಳಿಯೇ 42 ಡಿಗ್ರಿ ಇರುವಾಗ ಅದನ್ನು ತಂಪಾಗಿಸುವುದು ಕಷ್ಟ. ಇಂಧನ ಹೊತ್ತಿಗೆ ಮುಂಚೆಯೇ ತಾನಾಗಿ ಹೊತ್ತಿಕೊಂಡು ಎಂಜಿನ್ನು ಬಡಿಯಬಾರದೆಂದು ಕಂಪ್ಯೂಟರು ಕಿಡಿ ಹಚ್ಚುವ ಸಮಯವನ್ನು ತಡಮಾಡುತ್ತದೆ. ಒಂದೆರಡು ಸಲ ಜೋರಾಗಿ ಹೊರಟ ಟರ್ಬೊ ಕಾರು ಐದನೆಯ ಸಲಕ್ಕೆ ಮೊದಲಿನಷ್ಟು ಹುರುಪು ತೋರದಿದ್ದರೆ ಕಾರಣ ಇದು. ಪೆಟ್ರೋಲಿನ ಆಕ್ಟೇನ್, ಅಂದರೆ ಆ ಬಡಿತವನ್ನು ತಡೆಯುವ ಗುಣದ ಅಂಕಿ, ಕಡಿಮೆಯಿದ್ದರೂ ಇದೇ ಆಗುತ್ತದೆ. ದೊಡ್ಡ ನಗರಗಳ ಆಯ್ದ ಬಂಕ್‌ಗಳಲ್ಲಿ 100 ಆಕ್ಟೇನ್ ಪೆಟ್ರೋಲು 2020ರ ಕೊನೆಯಿಂದ ಸಿಗುತ್ತಿದೆ. ಇಂಥ ಕಾರು ಕೊಳ್ಳುವವರು ಟ್ಯಾಂಕಿನ ಮುಚ್ಚಳದ ಒಳಗೆ ಬರೆದ ಆಕ್ಟೇನ್ ಅಂಕಿ ಓದಿ, ತಾವು ದಿನಾ ಹೋಗುವ ಬಂಕ್‌ನಲ್ಲಿ ಅದು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಏರ್ ಫಿಲ್ಟರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಯಾವ ಗ್ಯಾರೇಜಿನಲ್ಲಾದರೂ ಹಳೆಯ ಫಿಲ್ಟರನ್ನು ಪತ್ರಿಕೆಯ ಹಾಳೆಯ ಮೇಲೆ ತಟ್ಟಿದರೆ ಕುಂಕುಮದಂಥ ಪುಡಿ ಉದುರುತ್ತದೆ. ಕಂಪನಿ ಹೇಳಿದ ಕಿಲೋಮೀಟರಿಗೆ ಕಾಯದೆ ಅರ್ಧಕ್ಕೇ ಬದಲಿಸಿ.

ವಿದ್ಯುತ್ ಕಾರುಗಳ ಲೆಕ್ಕ ಬೇರೆ

ಎಂಜಿ ಸೈಬರ್‌ಸ್ಟರ್ 2025ರ ಜುಲೈನಲ್ಲಿ ಸುಮಾರು 75 ಲಕ್ಷ ರೂಪಾಯಿಯ ಶೋರೂಂ ಬೆಲೆಗೆ ನಮ್ಮ ದೇಶಕ್ಕೆ ಬಂದಾಗ ಅದರ 3.2 ಸೆಕೆಂಡು ಬಹಳ ಜನರ ಹುಬ್ಬೇರಿಸಿತು. ಅದಕ್ಕಿಂತ ಹಲವು ಪಟ್ಟು ಬೆಲೆಯ ಹುರಾಕಾನ್ ಹಿಂಬದಿ ಚಕ್ರದ ಮಾದರಿ ತೆಗೆದುಕೊಳ್ಳುವುದು 3.3. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ, ಗೇರು ಬದಲಿಸುವ ಗೋಜಿಲ್ಲ, ಚಕ್ರ ಜಾರಿದರೆ ಕಣ್ಣು ಮಿಟುಕಿಸುವುದರೊಳಗೆ ಬಲ ತಗ್ಗಿಸುತ್ತದೆ. ಆದರೆ ಮೋಟಾರಿನ ಸುತ್ತು ಏರಿದಂತೆ ಅದರ ತಿರುಚುಬಲ ಇಳಿಯುತ್ತ ಹೋಗುತ್ತದೆ, ಬ್ಯಾಟರಿಯ ತೂಕ ಮಾತ್ರ ಇಳಿಯುವುದಿಲ್ಲ. ಸೈಬರ್‌ಸ್ಟರಿನ ಗರಿಷ್ಠ ವೇಗವೇ 200ರ ಆಸುಪಾಸು ಎಂದ ಮೇಲೆ ಅದರ ವಿಷಯದಲ್ಲಿ 100ರಿಂದ 200ರ ಲೆಕ್ಕ ಹಾಕುವುದೇ ಅನ್ಯಾಯ.

ಪೋರ್ಷೆಯೇ ತಯಾರಿಸಿದ 2019ರ ಟೈಕಾನ್ ಟರ್ಬೊ ಎಸ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 761 ಅಶ್ವಶಕ್ತಿ, 2,295 ಕಿಲೋ, ನೂರಕ್ಕೆ 2.8 ಸೆಕೆಂಡು, ಇನ್ನೂರಕ್ಕೆ 9.8. ಹಿಂದಿನ ಮೋಟಾರಿಗೆ ಎರಡು ಗೇರು ಕೊಟ್ಟು ಎತ್ತರದ ವೇಗದಲ್ಲೂ ಬಲ ಉಳಿಯುವಂತೆ ಮಾಡಿದ್ದರೂ 100ರಿಂದ 200ಕ್ಕೆ ಅದಕ್ಕೆ 7 ಸೆಕೆಂಡು ಬೇಕಾಯಿತು; ನೂರು ಕುದುರೆ ಕಡಿಮೆಯಿರುವ 911ಕ್ಕೆ ಬೇಕಾದದ್ದು 6.2. 2024ರ ಪರಿಷ್ಕೃತ ಟೈಕಾನ್ ಟರ್ಬೊ ಎಸ್ 952 ಅಶ್ವಶಕ್ತಿಗೆ ಏರಿ ನೂರನ್ನು 2.4 ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂಬುದನ್ನೂ ಹೇಳಬೇಕು. ತೆಳುವಾದ ಗಾಳಿ ವಿದ್ಯುತ್ ಕಾರಿಗೆ ತೊಂದರೆ ಕೊಡುವುದಿಲ್ಲ, ಬ್ಯಾಟರಿಯ ಬಿಸಿ ಕೊಡುತ್ತದೆ. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಸತತವಾಗಿ ಜೋರು ಓಡಿಸಿದರೆ, ಅಥವಾ ಚಾರ್ಜು ಕಾಲುಭಾಗಕ್ಕೆ ಇಳಿದಿದ್ದರೆ, ಬ್ಯಾಟರಿಯನ್ನು ಕಾಪಾಡಲು ಕಾರು ತಾನೇ ಶಕ್ತಿಗೆ ಕಡಿವಾಣ ಹಾಕುತ್ತದೆ. ಪರೀಕ್ಷೆಯ ಸವಾರಿಗೆ ಹೋದಾಗ ಚಾರ್ಜು ತುಂಬಿದ ಕಾರನ್ನಷ್ಟೇ ಅಲ್ಲದೆ, ಶೇಕಡಾ ಮೂವತ್ತರಷ್ಟು ಉಳಿದ ಕಾರನ್ನೂ ಓಡಿಸಿ ನೋಡಲು ಕೇಳಿ.

ಅದಿರು ಲಾರಿ ದಾಟುವ ಲೆಕ್ಕ

ಹೆದ್ದಾರಿಯಲ್ಲಿ ಲಾರಿ ದಾಟಲು ಪಿಕಪ್ ಬೇಕು ಎಂಬುದು ಇಂಥ ಕಾರು ಕೊಳ್ಳುವವರೆಲ್ಲ ಮನೆಯವರ ಮುಂದೆ ಇಡುವ ವಾದ. ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್. ಅರವತ್ತರಲ್ಲಿ ಹೋಗುವ ಅದಿರು ಲಾರಿಯ ಹಿಂದೆ ನೀವೂ ಅರವತ್ತರಲ್ಲಿ ಇದ್ದೀರಿ, ಹಿಂದೆ ಮುಂದೆ ಬಿಡಬೇಕಾದ ಜಾಗವೂ ಸೇರಿ ಅದಕ್ಕಿಂತ ಅರವತ್ತು ಮೀಟರ್ ಹೆಚ್ಚು ಸಾಗಬೇಕು, ನೂರು ದಾಟಬಾರದು ಎಂದಿಟ್ಟುಕೊಳ್ಳಿ. ಸಾಧಾರಣ ಪಿಕಪ್ಪಿನ ಕುಟುಂಬದ ಕಾರಿಗೆ ಇದಕ್ಕೆ ಸುಮಾರು 8.2 ಸೆಕೆಂಡು ಬೇಕು. ಅದರ ಮೂರು ಪಟ್ಟು ವೇಗೋತ್ಕರ್ಷದ ಸ್ಪೋರ್ಟ್ಸ್ ಕಾರಿಗೆ 6.3. ನಾಲ್ಕು ಪಟ್ಟು ಇದ್ದರೆ 6.1. ಮೊದಲ ಹೆಜ್ಜೆಯಲ್ಲಿ ಎರಡು ಸೆಕೆಂಡು ಸಿಕ್ಕಿತು, ಎರಡನೆಯದರಲ್ಲಿ ಎರಡು ಹತ್ತಂಶ. ಫೆರಾರಿಯೋ ಪೋರ್ಷೆಯೋ ಎಂಬ ಪ್ರಶ್ನೆಗೆ ಲಾರಿಯ ಹಿಂದೆ ಉತ್ತರ ಸಿಗುವುದಿಲ್ಲ. ಮನೆಯವರಿಗೆ ಬೇರೆ ಕಾರಣ ಹುಡುಕಿಕೊಳ್ಳಬೇಕು.

ಇಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಆಕ್ಸಿಲರೇಟರ್ ಒತ್ತಿದ ಮೇಲೆ ಬಲ ಬರಲು ಹಿಡಿಯುವ ಹೊತ್ತು. ವಿದ್ಯುತ್ ಕಾರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನು ಕೂಡಲೇ ಸ್ಪಂದಿಸುತ್ತದೆ, ಆದರೆ ಸುತ್ತು ಕಡಿಮೆಯಿದ್ದರೆ ಅದರಲ್ಲಿ ಬಲವೇ ಇರುವುದಿಲ್ಲ. ಎರಡು ಗೇರು ಕೆಳಗಿಳಿಸಿಯೇ ದಾಟಬೇಕು. ಟರ್ಬೊ ಕಾರಿನಲ್ಲಿ ಒಂದು ಕ್ಷಣದ ಮೌನ, ಆಮೇಲೆ ತಳ್ಳು. ಹೈಬ್ರಿಡ್‌ಗಳಲ್ಲಿ ಆ ಮೌನವನ್ನು ಮೋಟಾರು ತುಂಬುತ್ತದೆ, 296ರ ಸವಾರಿ ಸರಾಗ ಎನಿಸಲು ಇದೂ ಒಂದು ಕಾರಣ.

ಹಾಗಾದರೆ ಯಾವುದು

ಕಾರು ಬಹುಪಾಲು ಬಳ್ಳಾರಿ, ಸಂಡೂರು, ಹೊಸಪೇಟೆಗಳ ನಡುವೆಯೇ ಓಡುವುದಾದರೆ, ನಿಂತಲ್ಲಿಂದ ಹೊರಡುವ ಹುರುಪೇ ನಿಮಗೆ ಮುಖ್ಯವಾದರೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಇರುವ ಟರ್ಬೊ ಕಾರನ್ನೇ ಆರಿಸಿ; ಅದರಲ್ಲಿ 911 ಟರ್ಬೊ ಎಸ್‌ಗೆ ಸಮನಾದದ್ದನ್ನು ನಾನು ಕಾಣೆ. ಧೂಳು, ಬಿಸಿಲು, ಹಂಪುಗಳು ಮೂರನ್ನೂ ಅದು ತಡೆದುಕೊಳ್ಳುತ್ತದೆ, ಮುಂಭಾಗ ಎತ್ತುವ ಸೌಲಭ್ಯವನ್ನು ಕೊಳ್ಳುವಾಗಲೇ ಹಾಕಿಸಿಕೊಂಡರೆ. ಅಷ್ಟು ಹಣವಿಲ್ಲದಿದ್ದರೆ ಎಂ4ರ ನಾಲ್ಕು ಚಕ್ರದ ಮಾದರಿ ಅದೇ ಗುಣದ ಚಿಕ್ಕ ತಮ್ಮ. ವರ್ಷಕ್ಕೆ ನಾಲ್ಕಾರು ಸಲವಾದರೂ ಕಾರನ್ನು ಲಾರಿಯ ಮೇಲೆ ಹೇರಿಸಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಟ್ರ್ಯಾಕಿಗೆ ಒಯ್ಯುವವರಿಗೆ 296 ಅಥವಾ 750ಎಸ್ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತವೆ, ಅವುಗಳ 4.4 ಸೆಕೆಂಡು ಬದುಕುವುದು ಅಂಥ ಶುದ್ಧ ನೆಲದ ಮೇಲೆ. ನನ್ನನ್ನು ಕೇಳಿದರೆ, ಈ ಎಲ್ಲ ಅಂಕಿಗಳಲ್ಲೂ ಹಿಂದೆ ಬೀಳುವ ಜಿಟಿ3 ಕೈಗೇರನ್ನೇ ಆರಿಸುತ್ತೇನೆ, 9,000 ಸುತ್ತಿನ ಆ ದನಿಗೆ ಸೋತು. ಅದನ್ನು ಸಲಹೆ ಎಂದು ತೆಗೆದುಕೊಳ್ಳಬೇಡಿ.

ಹಳೆಯ ಕಾರು ಕೊಳ್ಳುವವರಿಗೆ, ಮತ್ತು ನಮ್ಮ ಕಡೆ ಬಹುಪಾಲು ಜನ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಹಳೆಯದನ್ನೇ ತರುತ್ತಾರೆ, ಇನ್ನೆರಡು ಮಾತು. ಪೋರ್ಷೆಯ ಎಂಜಿನ್ ಕಂಪ್ಯೂಟರು ಎಂಜಿನ್ನನ್ನು ಮಿತಿ ಮೀರಿ ಎಷ್ಟು ಸಲ, ಎಷ್ಟು ಸುತ್ತಿನವರೆಗೆ ತಿರುಗಿಸಲಾಗಿದೆ ಎಂಬುದನ್ನು ದಾಖಲಿಸಿಡುತ್ತದೆ; ಅದರ ವರದಿಯನ್ನು ಸರ್ವಿಸ್ ಕೇಂದ್ರದಲ್ಲಿ ತೆಗೆಸಿ ಓದದೆ ಮುಂಗಡ ಕೊಡಬೇಡಿ. ಎರಡನೆಯದಾಗಿ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ; 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದ ಟೈರು. ಗ್ಯಾರೇಜಿನಲ್ಲೇ ನಿಂತು ಓಡಿದ್ದು ಕಡಿಮೆಯಾದ್ದರಿಂದ ಟೈರಿನ ಗೀರುಗಳು ಹೊಸದರಂತೆ ಕಾಣಬಹುದು, ಆದರೆ ಐದಾರು ಬೇಸಿಗೆ ಕಂಡ ರಬ್ಬರು ಗಟ್ಟಿಯಾಗಿ, ಉಗುರು ಒತ್ತಿದರೆ ಗುರುತು ಮೂಡುವುದಿಲ್ಲ. ನನ್ನ ತಮ್ಮ ಕೊನೆಗೆ ನೋಡಲು ಹೋದ ಹಳೆಯ ಟರ್ಬೊ ಎಸ್‌ನಲ್ಲಿ ನಾಲ್ಕು ಟೈರೂ ಹಾಗೇ ಇದ್ದವು. ಅವನು ಹೊಸ ಟೈರುಗಳ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆಯಲು ಕೇಳಿದ್ದಾನೆ, ಮಾರುವವರು ಇನ್ನೂ ಒಪ್ಪಿಲ್ಲ.